ನಕ್ಷೆ ಮಾಡಬಲ್ಲ ಎಂಜಿನಿಯರುಗಳು ಊರಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ಉತ್ತರಕ್ಕೆ ಕಾಳಿ ನದಿ ಇರುವ ಇಕ್ಕಟ್ಟಾದ ಪಟ್ಟಿಯಲ್ಲಿ ಬೆಳೆದ ಕಾರವಾರದಲ್ಲಿ, ಮಳೆನೀರು ಯಾವ ದಾರಿಯಲ್ಲಿ ಇಳಿದು ಎಲ್ಲಿ ನಿಲ್ಲುತ್ತದೆಂಬುದನ್ನು ತಿಳಿಯದೆ ಬಡಾವಣೆಗಳನ್ನು ಯೋಜಿಸುವಂತಿಲ್ಲ. ಇದನ್ನು ತಿಳಿಯಲೆಂದೇ ನಾನು ಕೆಲವು ತಿಂಗಳುಗಳಿಂದ ಕ್ಯೂಜಿಐಎಸ್ ಎಂಬ, ನಕ್ಷೆ ತಯಾರಿಸುವ ಉಚಿತ ತಂತ್ರಾಂಶವನ್ನು ಮನೆಯಲ್ಲಿ ಕಲಿಯುತ್ತಿದ್ದೇನೆ. ಮೊದಲ ಪ್ರಯತ್ನದಲ್ಲಿ ನಿರ್ದೇಶಾಂಕ ಪದ್ಧತಿಯನ್ನು (ಸ್ಥಳಗಳನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮವನ್ನು) ತಪ್ಪಾಗಿ ಆರಿಸಿದ್ದರಿಂದ ನಮ್ಮೂರಿನ ಕೋಡಿಬಾಗದ ರಸ್ತೆಗಳು ಅರಬ್ಬಿ ಸಮುದ್ರದೊಳಗೆ ಕಾಣಿಸಿಕೊಂಡವು. ಭೂಮಿಯನ್ನು ವಲಯಗಳಾಗಿ ವಿಂಗಡಿಸುವ ಯುಟಿಎಂ ಪದ್ಧತಿಯಲ್ಲಿ ನಮ್ಮ ಭಾಗ 43ನೇ ಉತ್ತರ ವಲಯಕ್ಕೆ ಸೇರುತ್ತದೆಂದು ಅರಿತ ಮೇಲೆಯೇ ನಕ್ಷೆಯ ಪದರಗಳು ಹೊಂದಿಕೊಂಡವು. ಇಸ್ರೋದ ಭುವನ್ ಜಾಲತಾಣದಲ್ಲಿ ಸಿಗುವ, ಕಾರ್ಟೊಸ್ಯಾಟ್ ಉಪಗ್ರಹದಿಂದ ಪಡೆದ ನೆಲದ ಎತ್ತರದ ದತ್ತಾಂಶದ ಒಂದೊಂದು ಚೌಕವೂ ಸುಮಾರು 30 ಮೀಟರ್ ಅಗಲವಿರುವುದರಿಂದ, ಅದರಲ್ಲಿ ಗುಡ್ಡದ ಇಳಿಜಾರಿನ ದಿಕ್ಕು ತಿಳಿಯುತ್ತದೆಯೇ ಹೊರತು ಓಣಿಯ ಗಟಾರ ಕಾಣುವುದಿಲ್ಲ. ಅದಕ್ಕೆ ಸ್ಥಳದಲ್ಲೇ ಅಳತೆ ಬೇಕು.

ಆದ್ದರಿಂದ ಸ್ಥಳೀಯ ಆಡಳಿತವು ಗಟಾರ, ಮೋರಿಗಳ ಆಳ ಅಗಲಗಳನ್ನು ಜಿಪಿಎಸ್ ಸಮೇತ ದಾಖಲಿಸಿ, 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ಗುರುತಿಸುವ ಭರತದ ಗೆರೆಯೊಂದಿಗೆ (ಉಬ್ಬರದಲ್ಲಿ ಸಮುದ್ರದ ನೀರು ತಲುಪುವ ಗಡಿಯೊಂದಿಗೆ) ಒಂದೇ ನಕ್ಷೆಯಲ್ಲಿ ಸಾರ್ವಜನಿಕರಿಗೆ ತೋರಿಸಬೇಕು. ಈ ಕೆಲಸವನ್ನು ಹೊರಗಿನ ಸಲಹೆಗಾರರಿಗೆ ಬಿಡದೆ, ಊರಿನ ಓಣಿಗಳನ್ನು ಬಲ್ಲ ಕಿರಿಯ ಎಂಜಿನಿಯರುಗಳಿಗೇ ನಕ್ಷೆ ಮಾಡುವ ತರಬೇತಿಯನ್ನು, ಅದೂ ಮುಂದಿನ ಮಳೆಗಾಲಕ್ಕೆ ಮುನ್ನವೇ, ಕೊಡಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ನಾಗರಿಕ, ಕಾರವಾರ