ಗಂಡನ ತಪಾಸಣೆ ಮೊದಲು ಆಗಲಿ

ಮಾನ್ಯ ಸಂಪಾದಕರೇ,

‘ಮಕ್ಕಳಾಗದ ಕೊರಗು: ಗೃಹಿಣಿ ಆತ್ಮಹತ್ಯೆ’ ಎಂಬ ತಲೆಬರಹದ ಸುದ್ದಿ ಜಿಲ್ಲಾ ಪುಟದ ಮೂಲೆಯಲ್ಲಿ ಆಗಾಗ ಬರುತ್ತದೆ. ನಾಲ್ಕೇ ಸಾಲು. ಊರು, ವಯಸ್ಸು, ಮದುವೆಯಾಗಿ ಎಷ್ಟು ವರ್ಷ, ಠಾಣೆಯಲ್ಲಿ ಪ್ರಕರಣ ದಾಖಲು. ಅಂಥ ಸುದ್ದಿ ಕಂಡಾಗಲೆಲ್ಲ ನಾನು ಒಂದು ಸಾಲು ಹುಡುಕುತ್ತೇನೆ. ಗಂಡನ ತಪಾಸಣೆ ಆಗಿತ್ತೇ? ಆ ಸಾಲು ನನಗೆ ಇದುವರೆಗೆ ಸಿಕ್ಕಿಲ್ಲ. ‘ಕೊರಗು’ ಎಂದು ಬರೆದುಬಿಟ್ಟರೆ ಅದು ಆಕೆಯೊಳಗೇ ಹುಟ್ಟಿ ಬೆಳೆದ ಕಾಯಿಲೆ ಎಂಬಂತಾಗುತ್ತದೆ. ಕೊರಗು ತಾನಾಗಿ ಬರುವುದಿಲ್ಲ. ದಿನಕ್ಕಿಷ್ಟು ಎಂದು ತಂದು ಸುರಿಯುವವರಿರುತ್ತಾರೆ. ನನ್ನ ಮೇಲೂ ಸುರಿದಿದ್ದಾರೆ, ಅದಕ್ಕೇ ಈ ಪತ್ರ.

ನಮ್ಮ ಮದುವೆಯಾಗಿ 13 ವರ್ಷ. ಎರಡನೇ ಯುಗಾದಿಯ ಹೊತ್ತಿಗೆ ‘ಏನೂ ವಿಶೇಷ ಇಲ್ವಾ?’ ಶುರುವಾಯಿತು. ಮೂರನೇ ವರ್ಷ ಆಸ್ಪತ್ರೆ ಶುರುವಾಯಿತು. ಥೈರಾಯ್ಡ್, ಅಂಡಾಣು ಎಷ್ಟು ಉಳಿದಿದೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ, ತಿಂಗಳಿಗೆ ನಾಲ್ಕು ಸಲ ಸ್ಕ್ಯಾನಿಂಗ್. ಗರ್ಭನಾಳದಲ್ಲಿ ದಾರಿ ಇದೆಯೇ ಎಂದು ನೋಡಲು ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಆ ನೋವಿಗೆ ಮೇಜಿನ ಕಬ್ಬಿಣದ ಅಂಚು ಹಿಡಿದುಕೊಂಡು ಅಂಗೈಯಲ್ಲಿ ಗೀರು ಬಿದ್ದಿತ್ತು. ಆಮೇಲೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿ. ಹೀಗೆ ಮೂರು ವರ್ಷ ಕಳೆದ ಮೇಲೆ ಬೆಂಗಳೂರಿನ ಒಬ್ಬ ವೈದ್ಯೆ ನನ್ನ ಫೈಲನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಕೇಳಿದರು: “ನಿಮ್ಮ ಯಜಮಾನರ ರಿಪೋರ್ಟ್ ಎಲ್ಲಮ್ಮಾ?”

ಇರಲಿಲ್ಲ. ಅದುವರೆಗೆ ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಫೈಲಿನ ಮೇಲೆ ಇದ್ದದ್ದು ನನ್ನ ಹೆಸರೊಂದೇ.

ಒಂದು ವರ್ಷ ಜೊತೆಗೆ ಸಂಸಾರ ಮಾಡಿಯೂ ಗರ್ಭ ನಿಲ್ಲದಿದ್ದರೆ ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ಅರಿವಳಿಕೆ ಇಲ್ಲ. ಒಂದು ಪುಟ್ಟ ಡಬ್ಬಿ, ಕೆಲವು ನೂರು ರೂಪಾಯಿ, ಸಾಮಾನ್ಯವಾಗಿ ಅಂದೇ ಫಲಿತಾಂಶ. ಎಲ್ಲಕ್ಕಿಂತ ಸುಲಭದ ಆ ಪರೀಕ್ಷೆ ನಮ್ಮಲ್ಲಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ನನ್ನ ಯಜಮಾನರು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ‘ಅಂಗಡಿ ಬಿಟ್ಟು ಬರೋಕಾಗಲ್ಲ’ ಎನ್ನುತ್ತಲೇ ಎಂಟು ತಿಂಗಳು ತಳ್ಳಿದರು. ಅಷ್ಟರಲ್ಲಿ ಮಲಗುವ ಕೋಣೆಗೂ ಕ್ಯಾಲೆಂಡರ್ ಬಂದಿತ್ತು. ವೈದ್ಯರು ಹೇಳಿದ ದಿನಗಳಿಗೆ ನಾನು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದೆ. ಆ ದಿನಗಳಲ್ಲೇ ಅವರಿಗೆ ರಾತ್ರಿ ಹನ್ನೊಂದರವರೆಗೆ ಸ್ಟಾಕ್ ಲೆಕ್ಕ ಇರುತ್ತಿತ್ತು. ಒಬ್ಬರನ್ನೊಬ್ಬರು ಮುಟ್ಟುವುದು ಔಷಧಿ ಚೀಟಿಯ ಪ್ರಕಾರ ಎಂದಾದ ಮೇಲೆ ಉಳಿದ ದಿನಗಳಲ್ಲೂ ಮುಟ್ಟದಾದೆವು. ಮೊದಲೆಲ್ಲ ಊಟದ ಹೊತ್ತಿಗೆ ಅಂಗಡಿಗೆ ಬಂದ ಗಿರಾಕಿಗಳ ಕಥೆ ಹೇಳುತ್ತಿದ್ದವರು ತಟ್ಟೆ ನೋಡಿಕೊಂಡು ಉಂಡು ಏಳುತ್ತಿದ್ದರು.

ಆ ವರ್ಷ ಅತ್ತೆ ಹೇಳಿದರೆಂದು 48 ದಿನ ಬೆಳಗಿನ ಜಾವ ನಾಗರಕಟ್ಟೆಯ ಅರಳಿಮರ ಸುತ್ತಿದೆ. ದಿನಕ್ಕೆ 108 ಸುತ್ತು, ಒದ್ದೆ ಕೂದಲು, ಒದ್ದೆ ಸೀರೆ. ಅದು ಮುಗಿದು ವಾರವಾಗಿತ್ತು, ಸ್ಕೂಟರಿನ ಡಿಕ್ಕಿಯಲ್ಲಿ ಇನ್ಶೂರೆನ್ಸ್ ಕಾಗದ ಹುಡುಕುವಾಗ ಅದರ ಅಡಿಯಲ್ಲಿ ನಾಲ್ಕಾಗಿ ಮಡಿಸಿದ ಲ್ಯಾಬ್ ವರದಿ ಸಿಕ್ಕಿತು. ತಾರೀಕು ಐದು ತಿಂಗಳು ಹಿಂದಿನದು. ಹಾಸನಕ್ಕೆ ಒಬ್ಬರೇ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆ. ಆ ಸಂಖ್ಯೆ ನೋಡಿ ನನಗೆ ಸಿಟ್ಟು ಬರಲಿಲ್ಲ. ಒದ್ದೆ ಸೀರೆಯಲ್ಲಿ ನಾನು ಹೊರಡುವುದನ್ನು ಇವರು 48 ದಿನವೂ ನೋಡಿದ್ದರಲ್ಲ ಎಂಬುದು ನೆನಪಾಗಿ ಅಲ್ಲೇ ಸ್ಕೂಟರಿನ ಪಕ್ಕ ಕುಸಿದು ಕೂತೆ.

ಇಪ್ಪತ್ತು ದಿನ ನಮ್ಮಲ್ಲಿ ಮಾತಿರಲಿಲ್ಲ. ತವರಿಗೆ ಹೋಗಲೆಂದು ಬ್ಯಾಗು ತುಂಬಿಟ್ಟಿದ್ದೆ. ಕೊನೆಗೆ ಅವರೇ ಬಾಯಿಬಿಟ್ಟರು: “ಗಂಡಸೇ ಅಲ್ಲ ಅಂತಾರೆ ಕಣೇ ಊರಲ್ಲಿ.” ಅವರ ಭಯ ಸುಳ್ಳಲ್ಲ. ವೀರ್ಯಾಣು ಕಡಿಮೆ ಇರುವುದಕ್ಕೂ ಗಂಡಸುತನಕ್ಕೂ ಸಂಬಂಧವಿಲ್ಲ ಎಂಬುದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು? ಬೀಜದ ಚೀಲದಲ್ಲಿ ರಕ್ತನಾಳ ಊದಿಕೊಂಡಿರಬಹುದು, ಹರೆಯದಲ್ಲಿ ಮಂಗನಬಾವು ಬಂದಿರಬಹುದು, ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಕಾರಣಗಳು ಹಲವು. ಕೆಲವಕ್ಕೆ ಚಿಕಿತ್ಸೆಯಿದೆ. ಹೊಸ ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಬೇಕಾದ್ದರಿಂದ ಅಷ್ಟು ಕಾದು ಮತ್ತೆ ಪರೀಕ್ಷೆ ಮಾಡಬೇಕು. ಬೇಗ ಗೊತ್ತಾದಷ್ಟೂ ಒಳ್ಳೆಯದು, ಏಕೆಂದರೆ 35 ದಾಟಿದ ಮೇಲೆ ಹೆಣ್ಣಿನ ಅಂಡಾಣುಗಳು ವೇಗವಾಗಿ ಕಡಿಮೆಯಾಗುತ್ತವೆ. ಗಂಡಸು ಸಂಕೋಚದಲ್ಲಿ ಕಳೆದ ವರ್ಷಗಳ ಲೆಕ್ಕ ಬೀಳುವುದು ಹೆಂಡತಿಯ ಮೈಮೇಲೆ.

ಚಿಕಿತ್ಸೆಯೂ ಅಷ್ಟೇ. ಗಂಡಸಿನ ತೊಂದರೆಗೆಂದೇ ಇಕ್ಸಿ ಎಂಬ ವಿಧಾನವಿದೆ. ಒಂದೇ ವೀರ್ಯಾಣುವನ್ನು ಹಿಡಿದು ಅಂಡಾಣುವಿನೊಳಗೆ ಸೇರಿಸುತ್ತಾರೆ. ಅದಕ್ಕಾಗಿ ಹತ್ತು ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವಳು ಮಾತ್ರ ಹೆಂಡತಿ. ನಾವು ಎರಡು ಸಲ ಮಾಡಿಸಿದೆವು. ಬೆಳಗಿನ ರೈಲಿಗೆ ಇಂಜೆಕ್ಷನ್‌ಗಳನ್ನು ಐಸ್ ತುಂಬಿದ ಥರ್ಮಾಸ್‌ನಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಪಕ್ಕದವರು ಕಾಫಿ ಎಂದುಕೊಂಡು “ಒಂದ್ ಲೋಟ ಇದ್ಯಾ?” ಎಂದು ಕೇಳಿದ್ದೂ ಉಂಟು. ಒಂದು ಸಲಕ್ಕೆ ಒಂದೂಮುಕ್ಕಾಲು ಲಕ್ಷ. ನನ್ನ ಎರಡೆಳೆ ಸರ ಇನ್ನೂ ಬ್ಯಾಂಕಿನಲ್ಲಿದೆ.

ಮಕ್ಕಳು ಸಾಕು ಎಂದಾಗಲೂ ಹೆಣ್ಣಿನ ಮೈಗೇ ಕತ್ತರಿ, ಬೇಕು ಎಂದಾಗಲೂ ಹೆಣ್ಣಿನ ಮೈಗೇ ಸೂಜಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 15ರಿಂದ 49 ವರ್ಷದ ವಿವಾಹಿತ ಹೆಣ್ಣುಮಕ್ಕಳ ಪೈಕಿ ಸಂತಾನಹರಣ ಆಪರೇಷನ್ ತಮಗೇ ಆದವರು ಶೇ 37.9, ಗಂಡನಿಗೆ ಆದವರು ಶೇ 0.3. ಇನ್ನು ಮಕ್ಕಳಾಗದ ಸಂಕಟ ಅಪರೂಪದ್ದೇನಲ್ಲ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಘಟ್ಟದಲ್ಲಿ ಇದನ್ನು ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಎಷ್ಟೋ ಮನೆಗಳಲ್ಲಿ ಒಂದು ಪರೀಕ್ಷೆಯನ್ನೂ ಮಾಡಿಸಿಕೊಳ್ಳದ ಮಗನಿಗೆ ಎರಡನೇ ಹೆಣ್ಣು ನೋಡುವ ಮಾತು ಬರುತ್ತದೆ. ನಮ್ಮ ಮನೆಯಲ್ಲೂ ಬಂದಿತ್ತು. ಮಕ್ಕಳಾಗಲಿಲ್ಲ ಎಂಬುದು ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವಲ್ಲ. ಹೆಂಡತಿ ಇರುವಾಗ, ವಿಚ್ಛೇದನವಾಗದೆ, ಇನ್ನೊಂದು ಮದುವೆಯಾದರೆ ಏಳು ವರ್ಷದವರೆಗೆ ಜೈಲು. ಆದರೆ ಆ ಮಾತು ಬಂದ ರಾತ್ರಿ ನನ್ನನ್ನು ಕಾಪಾಡಿದ್ದು ಕಾಯ್ದೆಯಲ್ಲ. ಅನ್ನದ ಮುಂದೆ ಕೂತಿದ್ದ ಅವರು ತಲೆ ಎತ್ತದೆ ಹೇಳಿದರು: “ಅಮ್ಮಾ, ತೊಂದ್ರೆ ಇರೋದು ನನ್ನಲ್ಲಿ. ಅವಳನ್ನ ಏನೂ ಅನ್ಬೇಡ.” ಅತ್ತೆ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದರು. ಮಾರನೆಯ ಬೆಳಗ್ಗೆ ನನ್ನನ್ನು ನಾಗರಕಟ್ಟೆಗೆ ಕರೆಯಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ದತ್ತು ಪಡೆಯಲು ನೋಂದಾಯಿಸಿ ಕಾಯುತ್ತಿದ್ದೇವೆ. ಸಂಸಾರ ಉಳಿದಿದೆ. ಅವರು ಈಗ ಮತ್ತೆ ಗಿರಾಕಿಗಳ ಕಥೆ ಹೇಳುತ್ತಾರೆ.

ಆರೋಗ್ಯ ಇಲಾಖೆಗೆ ನನ್ನದೊಂದು ಕೋರಿಕೆ. ಮಕ್ಕಳಾಗಿಲ್ಲ ಎಂದು ಯಾವ ಹೆಣ್ಣುಮಗಳು ಸರ್ಕಾರಿ ಆಸ್ಪತ್ರೆಗೆ ಬಂದರೂ ಮೊದಲ ಭೇಟಿಯಲ್ಲೇ ಗಂಡನ ಪರೀಕ್ಷೆಗೂ ಚೀಟಿ ಬರೆಯುವಂತಾಗಲಿ. ಚೀಟಿ ಇಬ್ಬರ ಹೆಸರಿನಲ್ಲೂ ಇರಲಿ. ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಅತ್ತೆಯಂದಿರ ಎದುರಿನಲ್ಲೇ ಈ ವಿಷಯ ಹೇಳಲಿ. ಪತ್ರಿಕೆಯವರಲ್ಲೂ ಒಂದು ವಿನಂತಿ: ಇನ್ನು ಮುಂದೆ ಅಂಥ ಸುದ್ದಿ ಬಂದಾಗ ‘ಕೊರಗು’ ಎಂಬ ಪದ ಬಿಡಿ, ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಹಾಕಿ. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಹೆಸರು ಹಾಕಬಹುದು ಎಂದು ಯಜಮಾನರು ಹೇಳಿದರು. ಅತ್ತೆಗೆ ವಯಸ್ಸಾಗಿದೆ, ಅವರಿಗೋಸ್ಕರ ಬೇಡ ಎಂದೆ.

– ಓದುಗರೊಬ್ಬರು, ಅರಸೀಕೆರೆ