ಜೇಡಿಮಣ್ಣಿನ ತಡೆಪದರವನ್ನು ಹಾಸಿದ ನೆಲದಲ್ಲೇ ಅಳೆಯಿರಿ

ಮಾನ್ಯ ಸಂಪಾದಕರೇ,

ತ್ಯಾಜ್ಯ ವಿಲೇವಾರಿ ತಾಣಗಳ ಬಗ್ಗೆ ಚರ್ಚೆ ಎದ್ದಾಗಲೆಲ್ಲ, ತಳಕ್ಕೆ ಜೇಡಿಮಣ್ಣು ಹಾಸಲಾಗುತ್ತದೆ, ಆದ್ದರಿಂದ ಅಂತರ್ಜಲಕ್ಕೆ ಅಪಾಯವಿಲ್ಲ ಎಂಬ ಭರವಸೆ ಕೇಳಿಬರುತ್ತದೆ. ಜೇಡಿಮಣ್ಣಿನ ಶಕ್ತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆ ಪದರ ನೀರನ್ನು ಎಷ್ಟು ನಿಧಾನವಾಗಿ ಬಿಡುತ್ತದೆ ಎಂಬುದನ್ನು ಹಾಸಿದ ಜಾಗದಲ್ಲಿಯೇ ಅಳೆದು, ಆ ಅಂಕಿಯನ್ನು ಜನರ ಮುಂದಿಡದ ಹೊರತು ಈ ಭರವಸೆಗೆ ಆಧಾರವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಜೇಡಿಯ ಕಣಗಳು 2 ಮೈಕ್ರಾನ್‌ಗಿಂತ ಸಣ್ಣವು, ಚಪ್ಪಟೆ ಹಾಳೆಗಳಂಥವು. ಅವುಗಳ ನಡುವಿನ ಕಿಂಡಿಗಳು ಎಷ್ಟು ಕಿರಿದೆಂದರೆ ನೀರು ಅಲ್ಲಿ ಅತಿ ನಿಧಾನವಾಗಿ ಸಾಗುತ್ತದೆ. ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶ ಇರುವುದರಿಂದ ಸೀಸ, ಕ್ಯಾಡ್ಮಿಯಂ, ಅಮೋನಿಯಂನಂಥ ಅಯಾನುಗಳನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಕ್ಲೋರೈಡ್ ಮಾತ್ರ ಹೆಚ್ಚುಕಡಿಮೆ ಅಡೆತಡೆಯಿಲ್ಲದೆ ನೀರಿನೊಂದಿಗೇ ಹೋಗಿಬಿಡುತ್ತದೆ.

ಯುರೋಪಿಯನ್ ಒಕ್ಕೂಟದ 1999ರ ನಿರ್ದೇಶನದಲ್ಲಿ ಇಂಥ ಪದರದ ಪಾರಗಮ್ಯತೆ, ಅಂದರೆ ಅದು ನೀರನ್ನು ಹಾದುಹೋಗಲು ಬಿಡುವ ವೇಗ, ಸೆಕೆಂಡಿಗೆ ಒಂದು ಮೀಟರಿನ ನೂರು ಕೋಟಿಯ ಒಂದು ಭಾಗವನ್ನು ಮೀರಬಾರದೆಂದಿದೆ. ದಪ್ಪ ಸಾಮಾನ್ಯ ತ್ಯಾಜ್ಯಕ್ಕೆ ಕನಿಷ್ಠ 1 ಮೀಟರ್, ಅಪಾಯಕಾರಿ ತ್ಯಾಜ್ಯಕ್ಕೆ 5 ಮೀಟರ್. ಈ ಮಿತಿಯನ್ನು ಸರಿಯಾಗಿ ಪಾಲಿಸಿದ 1 ಮೀಟರ್ ಪದರದ ಮೇಲೆ ತ್ಯಾಜ್ಯದಿಂದ ಒಸರಿದ ಕೊಳೆನೀರು 30 ಸೆಂಟಿಮೀಟರ್ ನಿಂತಿದೆ ಎಂದುಕೊಳ್ಳೋಣ. ಆಗಲೂ ಒಂದು ಹೆಕ್ಟೇರಿನಿಂದ ವರ್ಷಕ್ಕೆ ಸುಮಾರು 4 ಲಕ್ಷ ಲೀಟರ್ ಕೆಳಗೆ ಇಂಗುತ್ತದೆ. ಕೊಳೆನೀರನ್ನು ನಿಲ್ಲಗೊಡದೆ ಹೊರತೆಗೆಯುವ ಕೊಳವೆಗಳೂ ಜೇಡಿಯ ಮೇಲೆ ಒತ್ತಾಗಿ ಕೂರುವ ಪ್ಲಾಸ್ಟಿಕ್ ಹಾಳೆಯೂ ಬೇಕೆನ್ನುವುದು ಈ ಕಾರಣಕ್ಕೇ. ಇನ್ನು ಪದರವೇ ಹತ್ತು ಪಟ್ಟು ಸಡಿಲವಾಗಿದ್ದರೆ ಸೋರಿಕೆಯೂ ಹತ್ತು ಪಟ್ಟಾಗುತ್ತದೆ.

ಹಾಗೆ ಸಡಿಲವಾಗುವುದು ಅಪರೂಪವೇನಲ್ಲ. ಅಮೆರಿಕದ ಎಂಜಿನಿಯರ್ ಡೇವಿಡ್ ಡೇನಿಯಲ್ 1984ರಲ್ಲೇ, ನೆಲದಲ್ಲಿ ಹಾಸಿದ ಜೇಡಿಪದರಗಳ ಪಾರಗಮ್ಯತೆ ಪ್ರಯೋಗಾಲಯದ ಅಂಕಿಗಿಂತ ಹತ್ತರಿಂದ ಸಾವಿರ ಪಟ್ಟು ಹೆಚ್ಚಿದ್ದ ಉದಾಹರಣೆಗಳನ್ನು ಪ್ರಕಟಿಸಿದ್ದರು. ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುವುದು ಪುಡಿ ಮಾಡಿ, ಸಮನಾಗಿ ನೀರು ಕಲಸಿದ ಅಂಗೈಯಗಲದ ಮಾದರಿ. ಬಯಲಲ್ಲಿ ರೋಲರಿನ ಕೆಳಗೆ ಬೀಳುವುದು ಹೆಂಟೆಗಳು. ಮಣ್ಣು ಒಣಗಿದ್ದರೆ ಆ ಹೆಂಟೆಗಳು ಗಟ್ಟಿಯಾಗಿಯೇ ಉಳಿದು, ಅವುಗಳ ಸಂದುಗಳಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಗರಿಷ್ಠ ಸಾಂದ್ರತೆ ಸಿಗುವ ತೇವಾಂಶಕ್ಕಿಂತ ಎರಡರಿಂದ ನಾಲ್ಕು ಶೇಕಡಾ ಹೆಚ್ಚು ಹಸಿಯಾಗಿ ಹದ ಮಾಡಿ, ತೆಳುವಾದ ವರಸೆಗಳಲ್ಲಿ ತುಳಿಸಿದರೆ ಮಾತ್ರ ಹೆಂಟೆಗಳು ಕರಗಿ ಒಂದಾಗುತ್ತವೆ. ಕೆಲಸದ ಜಾಗದಲ್ಲಿ ಸಾಮಾನ್ಯವಾಗಿ ನೋಡುವುದು ಸಾಂದ್ರತೆಯನ್ನು; ಸಾಂದ್ರತೆಯಲ್ಲಿ ಪಾಸಾದ ಪದರ ಪಾರಗಮ್ಯತೆಯಲ್ಲಿ ಪೂರ್ತಿ ಸೋಲಬಹುದು ಎಂಬುದು ಹಲವರಿಗೆ ತಿಳಿದೇ ಇಲ್ಲ.

ಹಾಗೆಂದು ನೀರು ಸುರಿಯುತ್ತಲೇ ಹೋಗುವಂತಿಲ್ಲ. ಹಸಿ ಜೇಡಿಗೆ ಬಲ ಕಡಿಮೆ, ನುಣುಪಾದ ಪ್ಲಾಸ್ಟಿಕ್ ಹಾಳೆಯ ಕೆಳಗೆ ಅದು ಜಾರುತ್ತದೆ. ಕ್ಯಾಲಿಫೋರ್ನಿಯಾದ ಕೆಟಲ್‌ಮನ್ ಹಿಲ್ಸ್‌ನಲ್ಲಿ ಮಾರ್ಚ್ 1988ರಲ್ಲಿ ಅಪಾಯಕಾರಿ ತ್ಯಾಜ್ಯದ ಬೃಹತ್ ರಾಶಿಯೊಂದು ತಳಪದರಗಳ ನಡುವಿನ ಸಂದಿನಲ್ಲೇ ಜಾರಿ, ಹತ್ತು ಮೀಟರಿನಷ್ಟು ಸರಿಯಿತು. ಇಳಿಜಾರಿನ ವಿನ್ಯಾಸ ಮಾಡುವವರು ಸೋರಿಕೆಯನ್ನೂ ಜಾರಿಕೆಯನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು.

ಚೆನ್ನಾಗಿ ಹಾಸಿದ ಪದರವನ್ನೂ ಕೆಲವು ದಿನಗಳ ಬಿಸಿಲು ಕೆಡಿಸಬಲ್ಲದು. ನೀರು ಕುಡಿದು ಹಲವು ಪಟ್ಟು ಉಬ್ಬುವ ಬೆಂಟೊನೈಟ್ ಎಂಬ ಜೇಡಿ ಒಣಗಿದಾಗ ಅಷ್ಟೇ ಜೋರಾಗಿ ಕುಗ್ಗಿ ಬಿರಿಯುತ್ತದೆ. ಇಂದು ಸುರುಳಿಯಾಗಿ ತಂದು ಹಾಸುವ ತೆಳು ಬೆಂಟೊನೈಟ್ ಚಾಪೆಗಳಲ್ಲಿ ಇನ್ನೊಂದು ತೊಡಕಿದೆ: ಮಣ್ಣಿನ ಅಥವಾ ಕೊಳೆನೀರಿನ ಕ್ಯಾಲ್ಸಿಯಂ ಜೇಡಿಯೊಳಗಿನ ಸೋಡಿಯಂನ ಜಾಗ ಹಿಡಿದರೆ ಉಬ್ಬುವ ಗುಣ ಕುಂದುತ್ತದೆ, ಆಮೇಲೆ ಒಮ್ಮೆ ಒಣಗಿ ಬಿಟ್ಟ ಬಿರುಕು ಮತ್ತೆ ಮುಚ್ಚಿಕೊಳ್ಳದಿರಬಹುದು.

ಜೇಡಿಯ ಪರವಾಗಿ ಪರಮಾಣು ತ್ಯಾಜ್ಯದ ಸಂಶೋಧನೆಯನ್ನು ಉದಾಹರಿಸುವವರಿದ್ದಾರೆ. ಬೆಲ್ಜಿಯಂನ ಮೋಲ್, ಫ್ರಾನ್ಸಿನ ಬ್ಯೂರ್, ಸ್ವಿಟ್ಜರ್ಲೆಂಡಿನ ಮಾಂಟ್ ಟೆರ್ರಿಗಳಲ್ಲಿ ನೆಲದಾಳದ ಜೇಡಿ ಸ್ತರಗಳೊಳಗೆ ಪ್ರಯೋಗಾಲಯಗಳನ್ನೇ ಕೊರೆಯಲಾಗಿದೆ. ಇಟಲಿಯ ದುನಾರೋಬ್ಬಾದಲ್ಲಿ ಜೇಡಿಯಲ್ಲಿ ಹೂತುಹೋದ ಮರದ ಬೊಡ್ಡೆಗಳು ಹತ್ತು ಲಕ್ಷಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೂ ಕಲ್ಲಾಗದೆ ಮರವಾಗಿಯೇ ಉಳಿದಿವೆ. ಇವು ನಿಜಕ್ಕೂ ಅದ್ಭುತ ಸಾಕ್ಷ್ಯಗಳು. ಆದರೆ ಮೋಲ್‌ನ ಜೇಡಿ ಸುಮಾರು ನೂರು ಮೀಟರ್ ದಪ್ಪದ್ದು, ನೆಲದಾಳದಲ್ಲಿ ಸದಾ ತೇವವಾಗಿರುವಂಥದ್ದು. ಅದರ ಕೀರ್ತಿಯನ್ನು ಮಳೆ ಬರುವ ಮುನ್ನ ಅವಸರದಲ್ಲಿ ಹಾಸಿದ ಒಂದು ಮೀಟರ್ ಪದರಕ್ಕೆ ಹಚ್ಚುವುದು ನ್ಯಾಯವಲ್ಲ.

ಆದ್ದರಿಂದ ನನ್ನ ಒತ್ತಾಯವಿಷ್ಟು. ತಾಣ ಕಟ್ಟುವ ಮೊದಲು ಅದೇ ಮಣ್ಣು, ಅದೇ ಯಂತ್ರಗಳಿಂದ ಮಾದರಿ ಹಾಸೊಂದನ್ನು ನಿರ್ಮಿಸಿ, ನೆಲದಲ್ಲಿ ಹುಗಿಯುವ ಉಂಗುರಗಳ ಉಪಕರಣದಿಂದ ನೀರಿಂಗುವ ವೇಗವನ್ನು ಅಳೆಯುವುದು ಕಡ್ಡಾಯವಾಗಬೇಕು. ಈ ಪರೀಕ್ಷೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಗುತ್ತಿಗೆದಾರರು ಇದನ್ನು ಒಲ್ಲೆನ್ನುವುದು ಸಹಜ. ಆದರೆ ಮೇಲೆ ತ್ಯಾಜ್ಯ ಬಿದ್ದ ನಂತರ ಆ ಪದರವನ್ನು ತೆರೆದು ನೋಡುವ, ರಿಪೇರಿ ಮಾಡುವ ದಾರಿ ಯಾರಿಗೂ ಇರುವುದಿಲ್ಲ. ಅಂಕಿಗಳು ಸುತ್ತಲಿನ ಬಾವಿಗಳ ನೀರು ಕುಡಿಯುವವರಿಗೆ ಸಿಗುವಂತಿರಲಿ. ಮುಖ್ಯ ಹಾಸು ಮುಗಿದ ಕೂಡಲೇ ಅದನ್ನು ಬಿಸಿಲಿಗೆ ಬಿಡದೆ ಮುಚ್ಚುವ ಹೊಣೆಯನ್ನೂ ಗುತ್ತಿಗೆಯ ಷರತ್ತಿನಲ್ಲೇ ಬರೆಯಬೇಕು.

ಇತಿ,
ಮಣ್ಣು ಪರೀಕ್ಷೆಯ ಕ್ಷೇತ್ರದಲ್ಲಿರುವ ನಿಮ್ಮ ಓದುಗ