ಅಪರೂಪದ ಕಂಠಗಳಿಗೂ ಜಾಗವಿರಲಿ

ಮಾನ್ಯರೇ,

ಜಗತ್ತಿನ ಸಂಗೀತವೆಂದರೆ ನಾಲ್ಕಾರು ಪ್ರಸಿದ್ಧ ಹೆಸರುಗಳಷ್ಟೇ ಎಂಬಂತೆ ಪತ್ರಿಕೆಗಳ ಸಂಗೀತ ಪುಟಗಳು ಮತ್ತೆ ಮತ್ತೆ ಅದೇ ಕಲಾವಿದರ ಸುತ್ತ ತಿರುಗುತ್ತಿರುವುದು ಬೇಸರದ ಸಂಗತಿ. ರಷ್ಯಾದ ತುವಾ ಪ್ರಾಂತ್ಯದ ಗಾಯಕರು ತಮ್ಮ ಕಂಠಗಾಯನದಲ್ಲಿ, ತಂಬೂರಿಯಂತೆ ನಿಲ್ಲುವ ಮಂದ್ರ ನಾದವನ್ನೂ ಅದರ ಮೇಲೆ ಸಿಳ್ಳಿನಂತೆ ತೇಲುವ ಇನ್ನೊಂದು ಸ್ವರವನ್ನೂ ಒಂದೇ ಗಂಟಲಿನಿಂದ ಏಕಕಾಲಕ್ಕೆ ಹೊಮ್ಮಿಸುತ್ತಾರೆ. ನಾಲಿಗೆ, ತುಟಿಗಳ ಆಕಾರವನ್ನು ಸೂಕ್ಷ್ಮವಾಗಿ ಬದಲಿಸುತ್ತ, ಮೂಲನಾದದಲ್ಲೇ ಅಡಗಿರುವ ಉಪಸ್ವರವೊಂದನ್ನು ಎತ್ತಿ ಕೇಳಿಸುವುದೇ ಇದರ ಗುಟ್ಟು. (ಮೊದಲ ಸಲ ಕೇಳಿದಾಗ ನಾನು ಯಾವುದೋ ವಾದ್ಯವೆಂದೇ ಭಾವಿಸಿದ್ದೆ.) ಕೆನಡಾದ ಇನ್ಯೂಟ್ ಎಂಬ ಮೂಲನಿವಾಸಿ ಸಮುದಾಯದ ಮಹಿಳೆಯರಿಬ್ಬರು ಎದುರುಬದುರು ನಿಂತು, ಉಸಿರಿನ ಸದ್ದನ್ನೇ ಲಯವಾಗಿಸಿ, ಮೊದಲು ನಕ್ಕವರು ಸೋತಂತೆ ಎಂಬ ಆಟವಾಗಿ ಹಾಡುವ ಕತಜ್ಜಾಕ್ ಕೂಡ ಅಷ್ಟೇ ವಿಸ್ಮಯಕಾರಿ. ಪೆರುವಿನ ಇಮಾ ಸುಮಾಕ್ ಅವರ ನಾಲ್ಕು ಸಪ್ತಕಗಳನ್ನು ಮೀರಿದ ಕಂಠವಾಗಲಿ, ಬರಿಗಾಲಿನಲ್ಲೇ ವೇದಿಕೆಯೇರುತ್ತಿದ್ದ, ಐವತ್ತರ ವಯಸ್ಸಿನ ಆಸುಪಾಸಿನಲ್ಲಿ ಜಗತ್ಪ್ರಸಿದ್ಧರಾದ ಕೇಪ್ ವರ್ಡ್ ದ್ವೀಪರಾಷ್ಟ್ರದ ಸೆಸಾರಿಯಾ ಎವೊರಾ ಅವರ ಮೋರ್ನಾ ಎಂಬ ವಿಷಾದದ ಗೀತೆಗಳಾಗಲಿ ನಮ್ಮ ಕಿವಿಗೆ ಬೀಳುವುದು ಇಂದಿಗೂ ಆಕಸ್ಮಿಕವಾಗಿಯೇ. ಸಂಗೀತದ ಆ್ಯಪ್‌ಗಳಂತೂ ನಾವು ಈಗಾಗಲೇ ಮೆಚ್ಚಿದ್ದನ್ನೇ ಮತ್ತೆ ಮುಂದಿಡುತ್ತವೆ. ಆದ್ದರಿಂದ ಇಂಥ ಒಬ್ಬೊಬ್ಬ ಕಲಾವಿದರನ್ನು, ಕೇವಲ ಪ್ರಶಸ್ತಿಗಳ ಪಟ್ಟಿಯಿಂದಲ್ಲದೆ ಅವರ ಹಾಡುಗಾರಿಕೆಯ ರೀತಿಯನ್ನು ವಿವರಿಸಿ ಪರಿಚಯಿಸುವ ಚಿಕ್ಕದೊಂದು ವಾರದ ಅಂಕಣವನ್ನು ತಾವು ಆರಂಭಿಸಬೇಕೆಂದು ವಿನಂತಿಸುತ್ತೇನೆ.

— ಒಬ್ಬ ಸಂಗೀತಾಸಕ್ತ ಓದುಗ